ವ್ಯಾನ್‌ಗೋನ ಗೆರೆ ಎಲ್ಲಿಂದ ಬಂತು? ಪ್ರೇರಣೆ ಮತ್ತು ನಕಲಿನ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು, ಬ್ಯಾಂಕ್ ಉದ್ಯೋಗಿ. ಚಿತ್ರಕಲೆಯನ್ನು ಯಾರ ಬಳಿಯೂ ಕ್ರಮವಾಗಿ ಕಲಿತಿಲ್ಲ. ಕೆಲವು ವರ್ಷಗಳಿಂದ ರಜೆಯ ದಿನಗಳಲ್ಲಿ ನಮ್ಮೂರಿನ ಗದ್ದೆ, ಅಡಿಕೆ ತೋಟ, ಕೊಟ್ಟಿಗೆಗಳನ್ನು ಪೆನ್ನಿನಲ್ಲಿ ಬಿಡಿಸುತ್ತಿದ್ದೇನೆ. ವ್ಯಾನ್‌ಗೋನ ರೇಖಾಚಿತ್ರಗಳ ಪುಸ್ತಕವೊಂದು ಕೈಗೆ ಸಿಕ್ಕಿದ ಮೇಲೆ ನನ್ನ ಕೈ ಬದಲಾಯಿತು. ಅವನಂತೆ ಚುಕ್ಕೆ, ಗೀಟು, ಸುರುಳಿಗಳಲ್ಲಿ ಚಿತ್ರ ಕಟ್ಟುವುದು ಅಭ್ಯಾಸವಾಯಿತು. ಈಚೆಗೆ ಕೆಲವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದಾಗ ಒಬ್ಬರು, "ಇದು ವ್ಯಾನ್‌ಗೋ ನಕಲು, ಇದರಲ್ಲಿ ನಿಮ್ಮದು ಅಂತ ಏನಿದೆ?" ಎಂದು ಬರೆದರು. ಆಮೇಲೆ ಓದುತ್ತಾ ಹೋದಂತೆ ವ್ಯಾನ್‌ಗೋ ಕೂಡ ಜಪಾನಿನ ಮುದ್ರಣಚಿತ್ರಗಳನ್ನೂ ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳನ್ನೂ ನಕಲು ಮಾಡಿದ್ದನೆಂದು ತಿಳಿದು ಗೊಂದಲ ಹೆಚ್ಚಾಯಿತು. ಅವನು ಮಾಡಿದರೆ ಪ್ರೇರಣೆ, ನಾನು ಮಾಡಿದರೆ ನಕಲೇ? ಸ್ವಂತ ಶೈಲಿ ಬರಬೇಕಾದರೆ ಬೇರೆಯವರ ಚಿತ್ರಗಳನ್ನು ನೋಡುವುದನ್ನೇ ಬಿಡಬೇಕೇ? ಗುಂಪು ಪ್ರದರ್ಶನವೊಂದಕ್ಕೆ ಚಿತ್ರಗಳನ್ನು ಕೇಳಿದ್ದಾರೆ. ಕಳುಹಿಸಿದರೆ ಕಾನೂನಿನ ತೊಡಕು ಏನಾದರೂ ಇದೆಯೇ? ಕೆಲವು ಚಿತ್ರಗಳನ್ನು ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಮೇಲುನೋಟಕ್ಕೆ ಕಾಣುವುದು ಅಪರಿಚಿತರೊಬ್ಬರ ಮಾತು ತಂದ ಬೇಸರ. ಅದರ ಅಡಿಯಲ್ಲಿರುವ ಅಳುಕು ಬೇರೆ: ನಾನು ನೋಡುತ್ತಿರುವುದು ನನ್ನ ಊರಿನ ಗದ್ದೆಯನ್ನೋ ಅಥವಾ ಪುಸ್ತಕದಲ್ಲಿ ಕಂಡ ಫ್ರಾನ್ಸಿನ ಹೊಲವನ್ನೋ ಎಂಬುದು. ಚಿತ್ರ ಬಿಡಿಸುವ ಬಹುತೇಕರಿಗೆ ಒಂದಲ್ಲ ಒಂದು ಹಂತದಲ್ಲಿ ಬರುವ ಈ ಅಳುಕನ್ನು ಕಲಾಶಾಲೆಯ ಪಾಠದ ಕೋಣೆಯಲ್ಲಿಯೂ ಪ್ರದರ್ಶನಗಳ ಆಯ್ಕೆ ಸಮಿತಿಗಳಲ್ಲಿಯೂ ನಾನು ಮೇಲಿಂದ ಮೇಲೆ ಎದುರಿಸಿದ್ದೇನೆ. ಕಾನೂನಿನ ಪ್ರಶ್ನೆ ಇವುಗಳಲ್ಲಿ ಅತ್ಯಂತ ಸುಲಭದ್ದು. ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಮೊದಲು ಸರಿಪಡಿಸಬೇಕಾದದ್ದು ವ್ಯಾನ್‌ಗೋನ ಬಗ್ಗೆ ಬೇರೂರಿರುವ ಒಂದು ಕಥೆಯನ್ನು. ಮನಸ್ಸಿನ ಕುದಿತವೆಲ್ಲ ನೇರವಾಗಿ ಕೈಗಿಳಿದು ಕಾಗದದ ಮೇಲೆ ಸುರುಳಿಯಾಗಿ ಹರಿಯಿತು, ಅವನಿಗೆ ಗುರುವೂ ಇರಲಿಲ್ಲ ಮಾದರಿಯೂ ಇರಲಿಲ್ಲ ಎಂಬ ಕಥೆ ಅದು. ಈ ಕಥೆಯನ್ನು ನಂಬಿಕೊಂಡವರಿಗೆ ಅವನು ನಕಲು ಮಾಡಿದ್ದ ಎಂಬ ಸಂಗತಿ ಮೋಸದಂತೆ ಕಾಣುತ್ತದೆ; ನಿಮಗೂ ಹಾಗೆಯೇ ಆಗಿರುವಂತಿದೆ. ವಾಸ್ತವದಲ್ಲಿ ಅವನು ಚಿತ್ರಕಾರನಾಗಲು ನಿರ್ಧರಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ, ಬೆಲ್ಜಿಯಂನ ಕಲ್ಲಿದ್ದಲ ಗಣಿ ಪ್ರದೇಶದಲ್ಲಿದ್ದಾಗ. ಅದಕ್ಕೂ ಮುಂಚೆ ಕೆಲವು ವರ್ಷ ಕಲಾಕೃತಿಗಳ ವ್ಯಾಪಾರ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿದ್ದರಿಂದ ಅವನ ಕಣ್ಣಿನಲ್ಲಿ ಆಗಲೇ ಸಾವಿರಾರು ಚಿತ್ರಗಳು ತುಂಬಿದ್ದವು; ಪಳಗಿರದಿದ್ದದ್ದು ಕೈ ಮಾತ್ರ. ಕೈಯನ್ನು ಪಳಗಿಸಲು ಅವನು ಹಿಡಿದ ದಾರಿ ನಕಲೇ ಆಗಿತ್ತು. ಶಾರ್ಲ್ ಬಾರ್ಗ್ ಎಂಬಾತ ರೂಪಿಸಿದ್ದ ರೇಖಾಭ್ಯಾಸದ ಹಾಳೆಗಳನ್ನು ಎರವಲು ತಂದು ಒಂದೊಂದಾಗಿ ಬಿಡಿಸಿದ. ಮಿಲೆಯ ರೈತರ ಚಿತ್ರಗಳನ್ನು, ಅದರಲ್ಲೂ ಬೀಜ ಬಿತ್ತುವವನ ಚಿತ್ರವನ್ನು, ಮುದ್ರಣಗಳನ್ನು ಎದುರಿಗಿಟ್ಟುಕೊಂಡು ನಕಲಿಸಿದ. ಇದು ಬರೀ ಎಳಸುತನದ ಹಂತವೂ ಅಲ್ಲ. 1890ರ ಜೂನಿನಲ್ಲಿ, ಸಾಯುವ ಕೆಲವೇ ವಾರಗಳ ಮುಂಚೆ, ಅದೇ ಬಾರ್ಗ್ ಹಾಳೆಗಳನ್ನು ಮತ್ತೆ ಕಳುಹಿಸಿಕೊಡೆಂದು ತಮ್ಮ ತಿಯೋನಿಗೆ ಕಾಗದ ಬರೆದಿದ್ದ.

ಹೇಗ್ ನಗರದಲ್ಲಿದ್ದ ವರ್ಷಗಳಲ್ಲಿ ಅವನು ಇಂಗ್ಲಿಷ್ ಸಚಿತ್ರ ವಾರಪತ್ರಿಕೆಗಳ ಕಪ್ಪುಬಿಳುಪು ಮುದ್ರಣಗಳನ್ನು ಕಲೆಹಾಕಿ, ದಪ್ಪ ಕಾಗದಕ್ಕೆ ಅಂಟಿಸಿ, ವಿಷಯವಾರು ವಿಂಗಡಿಸಿ ಇಟ್ಟುಕೊಂಡಿದ್ದ. ಬಡವರು, ಮೀನುಗಾರರು, ಆಶ್ರಯಧಾಮದ ಮುಂದೆ ಸಾಲುಗಟ್ಟಿ ನಿಂತ ಜನ ಇಂಥವೇ ಆ ಚಿತ್ರಗಳ ವಸ್ತು. ದೂರ ಮತ್ತು ಅಳತೆಗಳನ್ನು ಸರಿಯಾಗಿ ಹಿಡಿಯಲು 1882ರಲ್ಲಿ ಎರಡು ಕಂಬಗಳ ನಡುವೆ ನಿಲ್ಲಿಸಬಹುದಾದ, ದಾರ ಕಟ್ಟಿದ ಚೌಕಟ್ಟೊಂದನ್ನು ಮಾಡಿಸಿಕೊಂಡ. ಅವನ ಎಷ್ಟೋ ಪೆನ್ನಿನ ಚಿತ್ರಗಳ ಅಡಿಯಲ್ಲಿ ಪೆನ್ಸಿಲಿನ ಪೂರ್ವರೇಖೆಗಳಿವೆ. ಒಂದೇ ಉಸಿರಿನಲ್ಲಿ ಸುರಿದಂತೆ ಕಾಣುವ ಗೆರೆಯ ಹಿಂದೆ ಇಷ್ಟೊಂದು ಏರ್ಪಾಡು ಇತ್ತು.

ಇನ್ನು ಜಪಾನಿನ ವಿಷಯ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. 1887ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ವ್ಯಾನ್‌ಗೋ ಜಪಾನಿನ ಕಲಾವಿದ ಹಿರೋಶಿಗೆಯ ಎರಡು ಮುದ್ರಣಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ: ಒಂದು ಹೂಬಿಟ್ಟ ಪ್ಲಮ್ ತೋಟ, ಇನ್ನೊಂದು ಮಳೆಯಲ್ಲಿ ಸೇತುವೆ ದಾಟುತ್ತಿರುವ ಜನ. ಎರಡೂ 1857ರ ಮೂಲಗಳು. ಪ್ಲಮ್ ತೋಟದ ಚಿತ್ರಕ್ಕಾಗಿ ಅವನು ಮೂಲದ ಮೇಲೆ ತೆಳುವಾದ ಕಾಗದ ಹಾಸಿ ಗೆರೆಗಳನ್ನು ಎತ್ತಿಕೊಂಡು, ದೊಡ್ಡದಾಗಿಸಲು ಚೌಕುಳಿ ಹಾಕಿದ್ದ. ಆ ಕಾಗದ ಈಗಲೂ ಉಳಿದಿದೆ. ಶಾಲಾ ಮಕ್ಕಳು ಗಾಂಧೀಜಿಯ ಚಿತ್ರಕ್ಕೆ ಚೌಕುಳಿ ಹಾಕಿ ದೊಡ್ಡದು ಮಾಡುವುದಕ್ಕೂ ಅದಕ್ಕೂ ವಿಧಾನದಲ್ಲಿ ಏನೂ ವ್ಯತ್ಯಾಸವಿಲ್ಲ. ಹಾಗಾಗಿ ಅವನು ನಕಲು ಮಾಡಿದ್ದನೇ ಎಂದು ಕೇಳಿದರೆ, ಹೌದು, ಯಾವ ಮುಚ್ಚುಮರೆಯೂ ಇಲ್ಲದೆ ಮಾಡಿದ್ದ ಎಂದೇ ಹೇಳಬೇಕು. ಆ ಎರಡು ಚಿತ್ರಗಳು ಕುತೂಹಲಕರವೇ ಹೊರತು ಅವನ ಅತ್ಯುತ್ತಮ ಕೃತಿಗಳೇನೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಮುಂದಿನ ವರ್ಷ ನಡೆದದ್ದನ್ನು ನೋಡಿ. 1888ರ ಫೆಬ್ರುವರಿಯಲ್ಲಿ ಅವನು ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣಕ್ಕೆ ಹೋದ. ಅಲ್ಲಿ ಒಳ್ಳೆಯ ಜೊಂಡು ಸಿಗುತ್ತಿತ್ತು. ಅದರ ಕಡ್ಡಿಯನ್ನು ಓರೆಯಾಗಿ ಕೊರೆದು ಲೇಖನಿ ಮಾಡಿಕೊಂಡ. ಈ ಲೇಖನಿಯ ಗುಣವನ್ನು ನೀವೇ ಒಮ್ಮೆ ಕಡ್ಡಿ ಕೊರೆದು ನೋಡಿದರೆ ಮಾತ್ರ ತಿಳಿಯುತ್ತದೆ. ಅದು ಲೋಹದ ನಿಬ್ಬಿನಷ್ಟು ಶಾಯಿ ಹಿಡಿಯುವುದಿಲ್ಲ. ಅದ್ದಿದ ಕೂಡಲೇ ಗೆರೆ ದಪ್ಪಗೆ, ಕಪ್ಪಗೆ ಬಿದ್ದು ಕೆಲವೇ ಇಂಚುಗಳಲ್ಲಿ ಒಣಗಿ ಸವೆಯುತ್ತದೆ. ಆದ್ದರಿಂದ ಉದ್ದನೆಯ ನಯವಾದ ಗೆರೆ ಎಳೆಯುವುದು ಕಷ್ಟ. ಮೋಟು ಗೀಟುಗಳು, ಚುಕ್ಕೆಗಳು, ಕೊಕ್ಕೆಗಳು ತಾವಾಗಿಯೇ ಹುಟ್ಟುತ್ತವೆ. ನೀವು ಮೆಚ್ಚಿರುವ ಆ ಚುಕ್ಕೆ-ಗೀಟುಗಳ ಭಾಷೆಯಲ್ಲಿ ಗಣನೀಯ ಪಾಲು ಆ ಕಡ್ಡಿಯದು. ಸಮನಾಗಿ ಶಾಯಿ ಬಿಡುವ ಜೆಲ್ ಪೆನ್ನಿನಲ್ಲಿ ಅದನ್ನು ಅನುಕರಿಸಿದಾಗ ಹೊರಗಿನ ಆಕಾರ ಬರುತ್ತದೆ, ಗೆರೆಯೊಳಗಿನ ಏರಿಳಿತ ಬರುವುದಿಲ್ಲ.

ಆರ್ಲ್ ಸಮೀಪದ ಮೋಂಮಜೂರ್ ಎಂಬ ಬಂಡೆಗುಡ್ಡಕ್ಕೆ ಅವನು ಮತ್ತೆ ಮತ್ತೆ ಹತ್ತಿ, ಕೆಳಗೆ ಹರಡಿದ್ದ ಕ್ರೋ ಬಯಲನ್ನು 1888ರ ಜುಲೈನಲ್ಲಿ ದೊಡ್ಡ ಹಾಳೆಗಳಲ್ಲಿ ಚಿತ್ರಿಸಿದ. ಗಾಳಿಯ ಹೊಡೆತಕ್ಕೆ ಕ್ಯಾನ್ವಾಸ್ ನಿಲ್ಲುತ್ತಿರಲಿಲ್ಲ, ಸೊಳ್ಳೆಗಳ ಕಾಟ ಬೇರೆ. ಪೆನ್ನು ಹಿಡಿಯಲು ಅದೂ ಒಂದು ಕಾರಣ. ಆಮ್‌ಸ್ಟರ್‌ಡ್ಯಾಮಿನ ವ್ಯಾನ್‌ಗೋ ಸಂಗ್ರಹಾಲಯದಲ್ಲಿರುವ ಕ್ರೋ ಬಯಲಿನ ಚಿತ್ರ ನಿಮ್ಮ ಪುಸ್ತಕದಲ್ಲಿಯೂ ಇರಬಹುದು, ತೆರೆದು ನೋಡಿ. ಹತ್ತಿರದ ಹುಲ್ಲು ಮತ್ತು ಬಂಡೆಗಳಿಗೆ ದಪ್ಪ, ಒರಟು ಗೀಟುಗಳು. ನಡುವಿನ ಹೊಲಗಳಲ್ಲಿ ಪ್ರತಿ ತುಂಡು ಜಮೀನಿಗೂ ಬೇರೆ ಬಗೆಯ ಗುರುತು. ದೂರ ಹೋದಂತೆ ಗೀಟುಗಳು ಕುಗ್ಗಿ ಚುಕ್ಕೆಗಳಾಗುತ್ತವೆ. ಆಕಾಶ ಖಾಲಿ ಬಿಟ್ಟ ಕಾಗದ. ಛಾಯೆ ತುಂಬದೆ, ಬಣ್ಣವಿಲ್ಲದೆ, ಬರೀ ಗುರುತುಗಳ ಗಾತ್ರ ಮತ್ತು ಸಾಂದ್ರತೆಯಿಂದ ಮೈಲಿಗಟ್ಟಲೆ ದೂರ ಕಾಣುವಂತೆ ಮಾಡಿದ್ದಾನೆ. ಈ ಚಿತ್ರಗಳ ಬಗ್ಗೆ ತಿಯೋನಿಗೆ ಬರೆಯುತ್ತಾ, ಇದು ನೋಡಲು ಜಪಾನಿನ ಚಿತ್ರದಂತಿಲ್ಲ, ಆದರೂ ತಾನು ಮಾಡಿದ್ದರಲ್ಲಿ ಅತ್ಯಂತ ಜಪಾನೀ ಚಿತ್ರ ಇದೇ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ.

ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ. 1887ರಲ್ಲಿ ಅವನು ತೆಗೆದುಕೊಂಡದ್ದು ಹಿರೋಶಿಗೆಯ ಚಿತ್ರವನ್ನು. 1888ರಲ್ಲಿ ತೆಗೆದುಕೊಂಡದ್ದು ಹಿರೋಶಿಗೆ ನೋಡುತ್ತಿದ್ದ ಬಗೆಯನ್ನು, ಅಂದರೆ ಎತ್ತರದ ದೃಷ್ಟಿ, ಖಾಲಿ ಜಾಗಕ್ಕೆ ಕೊಟ್ಟ ಬೆಲೆ, ಒಂದೊಂದು ವಸ್ತುವಿಗೆ ಒಂದೊಂದು ಗುರುತು ಹುಡುಕುವ ತಾಳ್ಮೆಯನ್ನು. ಮೊದಲನೆಯದು ಇಲ್ಲದೆ ಎರಡನೆಯದು ಬರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಅದೇ ವರ್ಷದ ನವೆಂಬರಿನಲ್ಲಿ ಅವನು ಬಿಡಿಸಿದ ಬಿತ್ತುವವನ ಚಿತ್ರದಲ್ಲಿ ಮನುಷ್ಯಾಕೃತಿ ಮಿಲೆಯದು, ಮುನ್ನೆಲೆಯನ್ನು ಓರೆಯಾಗಿ ಸೀಳುವ ಮರದ ಕಾಂಡ ಹಿರೋಶಿಗೆಯ ಪ್ಲಮ್ ತೋಟದ್ದು. ಎರಡು ಮೂಲಗಳೂ ಕಣ್ಣಿಗೆ ಹೊಡೆಯುವಂತೆ ಕಾಣುತ್ತವೆ. ಆದರೂ ಆ ಚಿತ್ರವನ್ನು ಯಾರೂ ನಕಲು ಎನ್ನುವುದಿಲ್ಲ, ಏಕೆಂದರೆ ಆ ಎರಡನ್ನೂ ಒಂದೇ ಹೊಲದಲ್ಲಿ, ಒಂದೇ ಸಂಜೆಯ ಬೆಳಕಿನಲ್ಲಿ ನಿಲ್ಲಿಸಬೇಕಾದ ಕೆಲಸವನ್ನು ಅವನೇ ಮಾಡಬೇಕಾಗಿತ್ತು. ಹೀಗಾಗಿ ಮೂಲ ಗುರುತು ಸಿಗುತ್ತದೆಯೇ ಇಲ್ಲವೇ ಎಂಬುದು ಪರೀಕ್ಷೆಯಲ್ಲ. ನಿಮ್ಮ ಚಿತ್ರಕ್ಕೆ ಟೀಕೆ ಬರೆದವರು ಆ ಪರೀಕ್ಷೆಯನ್ನೇ ಹಚ್ಚಿದ್ದಾರೆ. ಅದನ್ನು ಹಚ್ಚಿದರೆ ಯಾವ ದೊಡ್ಡ ಕಲಾವಿದನೂ ತೇರ್ಗಡೆಯಾಗುವುದಿಲ್ಲ.

ನಮ್ಮವರೇ ಆದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳೂ ಇದೇ ಮಾತನ್ನು ಬೇರೆ ದಿಕ್ಕಿನಿಂದ ಹೇಳುತ್ತವೆ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರ ನರ್ತಕರ, ವಾದ್ಯಗಾರರ ಚಿತ್ರಗಳಲ್ಲಿ ಒಂದೇ ಗೆರೆ ಭುಜದಿಂದ ಸೊಂಟಕ್ಕಿಳಿದು ಹಿಮ್ಮಡಿಯಲ್ಲಿ ತಿರುಗಿ ಮುಗಿಯುತ್ತದೆ. ಆ ಗೆರೆಯನ್ನು ಅನುಕರಿಸಿದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರೆಲ್ಲ ಬಿಟ್ಟುಬಿಡುವ ಸಂಗತಿ ಎಂದರೆ, ಲಯ ಎಂದರೇನೆಂದು ತಿಳಿಯಲು ಹೆಬ್ಬಾರರು ಮುಂಬೈಯಲ್ಲಿ ಪಂಡಿತ್ ಸುಂದರ್ ಪ್ರಸಾದ್ ಅವರ ಬಳಿ ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದ್ದರು. ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವುದು ಅವರ ಕೈಗೆ ಗೊತ್ತಿದ್ದದ್ದು ತಮ್ಮ ಕಾಲಿನ ಮೂಲಕ. ಅವರ ಗೆರೆಯನ್ನು ಮಾತ್ರ ತೆಗೆದುಕೊಂಡವರಿಗೆ ಅಂದವಾದ ಬಾಗು ಸಿಗುತ್ತದೆ. ಆಕೃತಿ ನೆಲದ ಮೇಲೆ ನಿಂತಂತೆ ಕಾಣುವುದಿಲ್ಲ.

ಈಗ ನೀವು ಕಳುಹಿಸಿರುವ ಚಿತ್ರಗಳಿಗೆ ಬರುತ್ತೇನೆ. ಆಯ್ಕೆ ಸಮಿತಿಯಲ್ಲಿ ಕುಳಿತಾಗ ನಾವು ನಕಲನ್ನು ಗುರುತಿಸುವುದು ಶೈಲಿಯ ಹೋಲಿಕೆಯಿಂದಲ್ಲ, ಗುರುತಿಗೂ ವಸ್ತುವಿಗೂ ಸಂಬಂಧ ತಪ್ಪಿರುವ ಜಾಗಗಳಿಂದ. ನಿಮ್ಮ ಅಡಿಕೆ ತೋಟದ ಚಿತ್ರದಲ್ಲಿ ಮರದ ತಲೆಯನ್ನು ಬೆಂಕಿಯ ನಾಲಗೆಯಂತೆ ಮೇಲೇರುವ ಸುರುಳಿಗಳಿಂದ ತುಂಬಿದ್ದೀರಿ. ಆ ಸುರುಳಿ ವ್ಯಾನ್‌ಗೋ ಬಿಡಿಸಿದ ಸೈಪ್ರಸ್ ಮರದ್ದು. ಸೈಪ್ರಸ್ಸಿನ ಎಲೆರಾಶಿ ಬುಡದಿಂದ ತುದಿಯವರೆಗೆ ಒತ್ತಾಗಿ ಮೇಲಕ್ಕೆ ಏರುತ್ತದೆ, ಆದ್ದರಿಂದ ಅಲ್ಲಿ ಸುರುಳಿಗೆ ಅರ್ಥವಿದೆ. ಅಡಿಕೆಯ ಸೋಗೆ ಹೊರಕ್ಕೆ ಚಾಚಿ ಕೆಳಕ್ಕೆ ಬಾಗುತ್ತದೆ, ಕಾಂಡದಲ್ಲಿ ಉದುರಿದ ಹಾಳೆಗಳ ಉಂಗುರಗಳಿರುತ್ತವೆ, ತೋಟದೊಳಗೆ ಬೆಳಕು ಮೇಲಿನಿಂದ ತುಂಡು ತುಂಡಾಗಿ ಬೀಳುತ್ತದೆ. ಇವುಗಳಲ್ಲಿ ಒಂದೂ ನಿಮ್ಮ ಹಾಳೆಯಲ್ಲಿಲ್ಲ. ಗದ್ದೆಯ ಚಿತ್ರದಲ್ಲಿಯೂ ಹೀಗೆಯೇ: ಕ್ರೋ ಚಪ್ಪಟೆಯಾದ ಬಯಲು, ಅದರ ಜಮೀನುಗಳು ನೇರ ಪಟ್ಟಿಗಳಂತೆ ಒಂದರ ಹಿಂದೊಂದು ಸರಿಯುತ್ತವೆ. ನಿಮ್ಮ ಮಲೆನಾಡಿನ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ, ಅಂಚುಗಳು ಗುಡ್ಡದ ಮೈಯನ್ನು ಅನುಸರಿಸಿ ಬಳುಕುತ್ತವೆ, ನಾಟಿಯ ಹೊತ್ತಿನಲ್ಲಿ ಅರ್ಧ ಆಕಾಶವೇ ಗದ್ದೆಯ ನೀರಿನಲ್ಲಿರುತ್ತದೆ. ನೀವು ಅವುಗಳನ್ನು ಅಡ್ಡಗೀಟುಗಳಲ್ಲಿ ಚಪ್ಪಟೆ ಮಾಡಿದ್ದೀರಿ.

ಆದರೆ ಕೊಟ್ಟಿಗೆಯ ಚಿತ್ರ ಬೇರೆಯೇ. ಹಗ್ಗ ಉಜ್ಜಿ ಸವೆದ ಕಂಬದ ಆ ಭಾಗವನ್ನು ತೋರಿಸಲು ನೀವು ಗೀಟುಗಳನ್ನು ನಿಲ್ಲಿಸಿ ಕಾಗದವನ್ನು ಬರಿದಾಗಿ ಬಿಟ್ಟಿದ್ದೀರಿ. ಹುಲ್ಲಿನ ರಾಶಿಗೆ ಉದ್ದ ಗೀಟು, ಗೊಬ್ಬರದ ಒದ್ದೆ ನೆಲಕ್ಕೆ ಒತ್ತೊತ್ತಾದ ಚುಕ್ಕೆ. ವ್ಯಾನ್‌ಗೋನ ಹೆಸರನ್ನು ಎತ್ತದೆ ಆ ಚಿತ್ರದ ಬಗ್ಗೆ ಮಾತಾಡಲಾಗದು, ನಿಜ. ಆದರೆ ಆ ಸವೆದ ಕಂಬ ಅವನ ಯಾವ ಪುಸ್ತಕದಲ್ಲಿಯೂ ಇಲ್ಲ.

ಹಾಗಾದರೆ ಮುಂದೇನು? ಬೇರೆಯವರ ಚಿತ್ರ ನೋಡುವುದನ್ನೇ ಬಿಡುವ ದಾರಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ನೋಡುವುದನ್ನು ಬಿಟ್ಟವರ ಕೈಗೆ ಸ್ವಂತಿಕೆ ಬರುವುದಕ್ಕಿಂತ ಹೆಚ್ಚಾಗಿ, ಕ್ಯಾಲೆಂಡರಿನಲ್ಲಿಯೋ ಜಾಹೀರಾತಿನಲ್ಲಿಯೋ ಎಂದೋ ಕಂಡ ರೂಪಗಳು ಅವರಿಗೇ ತಿಳಿಯದಂತೆ ಬಂದು ಕೂರುತ್ತವೆ. ಗೊತ್ತಿದ್ದು ಪಡೆದ ಪ್ರಭಾವವನ್ನು ತಿದ್ದಬಹುದು. ಗೊತ್ತಿಲ್ಲದ್ದನ್ನು ತಿದ್ದುವುದು ಕಷ್ಟ. ನಕಲನ್ನು ಅಭ್ಯಾಸವಾಗಿ ಮುಂದುವರಿಸಿ, ಆದರೆ ಬೇರೆ ಪುಸ್ತಕದಲ್ಲಿ, ಪ್ರತಿ ಹಾಳೆಯ ಕೆಳಗೆ ಮೂಲದ ಹೆಸರು ಬರೆದು. ಅದರಲ್ಲಿಯೂ ಒಂದು ಅಪಾಯವಿದೆ: ನಕಲಿನಲ್ಲಿ ಫಲ ಬೇಗ ಸಿಗುತ್ತದೆ, ನೋಡಿದವರು ಮೆಚ್ಚುತ್ತಾರೆ, ಆ ಮೆಚ್ಚುಗೆಯ ರುಚಿ ಹತ್ತಿದವರು ಹೊರಗೆ ಕುಳಿತು ಬಿಡಿಸುವ ಕಷ್ಟಕ್ಕೆ ಮರಳುವುದಿಲ್ಲ. ಒಬ್ಬನೇ ಕಲಾವಿದನನ್ನು ಹಿಡಿದುಕೊಂಡಿರುವುದೂ ಅಷ್ಟು ಒಳ್ಳೆಯದಲ್ಲ. ಹೆಬ್ಬಾರರ ಗೆರೆಯನ್ನೂ ಹಿರೋಶಿಗೆಯ ಮುದ್ರಣಗಳನ್ನೂ ಪಕ್ಕದಲ್ಲಿಟ್ಟುಕೊಂಡರೆ ವ್ಯಾನ್‌ಗೋನ ಹಿಡಿತ ತಾನಾಗಿ ಸಡಿಲವಾಗುತ್ತದೆ.

ನನ್ನ ಮುಖ್ಯ ಸಲಹೆ ಬೇರೆ. ಈ ಮಳೆಗಾಲದಲ್ಲಿ ಒಂದೇ ಗದ್ದೆಯ ಒಂದೇ ಮೂಲೆಯನ್ನು, ಸಸಿಮಡಿಯಿಂದ ಹಿಡಿದು ತೆನೆ ಬಾಗುವವರೆಗೆ, ಸ್ಥಳದಲ್ಲಿಯೇ ಕುಳಿತು ಬಿಡಿಸಿ. ನೀರಿಗೆ ಒಂದು ಗುರುತು, ಎಳೆ ಪೈರಿಗೆ ಒಂದು, ಅಂಚಿನ ಹುಲ್ಲಿಗೆ ಇನ್ನೊಂದು ಎಂದು ನೀವೇ ಹುಡುಕಬೇಕಾಗುತ್ತದೆ. ಈ ದಾರಿಯ ನಷ್ಟವನ್ನೂ ಹೇಳಿಬಿಡುತ್ತೇನೆ: ಮೊದಲ ಹಲವು ತಿಂಗಳ ಚಿತ್ರಗಳು ಈಗಿನವುಗಳಿಗಿಂತ ಕಳಪೆಯಾಗಿ ಕಾಣುತ್ತವೆ, ಲೈಕುಗಳು ಕಡಿಮೆಯಾಗುತ್ತವೆ, ಕೆಲವರು ಮೊದಲಿನದೇ ಚೆನ್ನಾಗಿತ್ತು ಎನ್ನುತ್ತಾರೆ. ಮಳೆಯಲ್ಲಿ ಕಾಗದ ನೆನೆಯುವುದಂತೂ ಇದ್ದೇ ಇದೆ. ಅಂತರ್ಜಾಲದಲ್ಲಿ ಸಿಕ್ಕ ಬೇರೆಯವರ ಫೋಟೋಗಳನ್ನು ನೋಡಿ ಬಿಡಿಸುವುದು ಇದಕ್ಕೆ ಬದಲಿಯಲ್ಲ. ಕ್ಯಾಮೆರಾ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದನ್ನು ನಿಮಗಿಂತ ಮೊದಲೇ ನಿರ್ಧರಿಸಿರುತ್ತದೆ. ಮೇಲಾಗಿ ವ್ಯಾನ್‌ಗೋನ ಚಿತ್ರದ ವಿಷಯದಲ್ಲಿ ಇಲ್ಲದ ಕಾನೂನಿನ ತೊಡಕು ಅಲ್ಲಿದೆ.

ಆ ಕಾನೂನು ಹೀಗೆ. ಭಾರತದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಚಿತ್ರಕೃತಿಗೆ ಕಲಾವಿದನ ಜೀವಿತಾವಧಿ ಮತ್ತು ಅವನು ತೀರಿಕೊಂಡ ವರ್ಷದ ನಂತರದ 60 ವರ್ಷ ರಕ್ಷಣೆ ಇರುತ್ತದೆ. 2012ರ ತಿದ್ದುಪಡಿಯ ನಂತರ ಫೋಟೋಗೂ ಇದೇ ಅವಧಿ. ವ್ಯಾನ್‌ಗೋ 1890ರಲ್ಲಿ ತೀರಿಕೊಂಡಿದ್ದರಿಂದ ಅವನ ಚಿತ್ರಗಳು ಎಂದೋ ಸಾರ್ವಜನಿಕ ಆಸ್ತಿಯಾಗಿವೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಅವರ ಕೃತಿಗಳಿಗೆ 2056ರ ಕೊನೆಯವರೆಗೆ ಕೃತಿಸ್ವಾಮ್ಯವಿದೆ. ವಿಷಯಕ್ಕಾಗಲೀ ಕಲ್ಪನೆಗಾಗಲೀ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಚುಕ್ಕೆ-ಗೀಟುಗಳಲ್ಲಿ ಗದ್ದೆ ಬಿಡಿಸುವುದನ್ನು ಯಾರೂ ತಡೆಯಲಾರರು. ಖಾಸಗಿ ಅಭ್ಯಾಸಕ್ಕಾಗಿ ನಕಲು ಮಾಡುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಮಾರಾಟಕ್ಕೋ ಮುದ್ರಣಕ್ಕೋ ತಂದಾಗ ಪರಿಸ್ಥಿತಿ ಬದಲಾಗುತ್ತದೆ. ಕಾನೂನು ಬಿಟ್ಟರೂ ಪ್ರದರ್ಶನ, ಸ್ಪರ್ಧೆಗಳ ನಿಯಮಗಳು ಬೇರೆಯಾಗಿರಬಹುದು. ಸ್ವಂತ ರಚನೆ ಮಾತ್ರ ಎಂದು ಷರತ್ತು ಇದ್ದಲ್ಲಿ ನೇರ ನಕಲುಗಳನ್ನು, ಅವು ವ್ಯಾನ್‌ಗೋನವೇ ಆಗಿದ್ದರೂ, ಕಳುಹಿಸಬೇಡಿ.

ಪ್ರದರ್ಶನಕ್ಕೆ ಕೊಟ್ಟಿಗೆಯ ಚಿತ್ರವನ್ನು ಧೈರ್ಯವಾಗಿ ಕಳುಹಿಸಿ. ಗದ್ದೆಯ ಚಿತ್ರವನ್ನು ಈ ಸಲ ಹಿಂದಿಡಿ. ಅಡಿಕೆ ತೋಟವನ್ನು ತೋಟಕ್ಕೇ ಹೋಗಿ ಹೊಸದಾಗಿ ಬಿಡಿಸಿ. ಪ್ರಭಾವದ ಬಗ್ಗೆ ಯಾರಾದರೂ ಕೇಳಿದರೆ ವ್ಯಾನ್‌ಗೋನ ಹೆಸರನ್ನು ನೀವೇ ಹೇಳಿ, ಅವನು ಹಿರೋಶಿಗೆ ಮತ್ತು ಮಿಲೆಯ ಹೆಸರನ್ನು ಹೇಳಿದಂತೆ. ಇನ್‌ಸ್ಟಾಗ್ರಾಂನಲ್ಲಿ ಟೀಕಿಸಿದವರಿಗೆ ಉತ್ತರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವ್ಯಾನ್‌ಗೋನ ಹಲವು ರೇಖಾಚಿತ್ರಗಳು ಇಂದು ಕಂದು ಬಣ್ಣಕ್ಕೆ ತಿರುಗಿವೆ. ಅವನು ಬಿಡಿಸಿದಾಗ ಆ ಶಾಯಿ ಕಪ್ಪು ಅಥವಾ ನೇರಳೆಯಾಗಿತ್ತು. ಬೆಳಕಿಗೆ ಮತ್ತು ಕಾಲಕ್ಕೆ ಮಾಸುವ ಶಾಯಿಗಳಿಂದ ಆದ ನಷ್ಟ ಅದು, ಅವನ ಆಯ್ಕೆಯಲ್ಲ. ಪುಸ್ತಕದಲ್ಲಿ ಕಂಡ ಕಂದನ್ನು ಮೆಚ್ಚಿ ನೀವು ಒಂದೆರಡು ಚಿತ್ರಗಳಿಗೆ ಕಂದು ಶಾಯಿ ಬಳಸಿರುವಂತೆ ತೋರುತ್ತದೆ. ಸಾಮಾನ್ಯ ಬಾಲ್ ಪೆನ್ನಿನ ಶಾಯಿ ಬಿಸಿಲು ಬೀಳುವ ಗೋಡೆಯ ಮೇಲೆ ಕೆಲವೇ ವರ್ಷಗಳಲ್ಲಿ ಮಂಕಾಗುತ್ತದೆ. ಪ್ರದರ್ಶನಕ್ಕೆ ಕಳುಹಿಸುವ ಚಿತ್ರಗಳಿಗೆ ಬೇಗ ಮಾಸದ ಪಿಗ್ಮೆಂಟ್ ಶಾಯಿಯ ಪೆನ್ನು ಮತ್ತು ಆಮ್ಲರಹಿತ ಕಾಗದ ಬಳಸಿ, ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು (ಮೌಂಟ್) ಇಡಲು ಹೇಳಿ. ಮಲೆನಾಡಿನ ತೇವಕ್ಕೆ ಗಾಜಿಗೆ ಅಂಟಿಕೊಂಡ ಕಾಗದದಲ್ಲಿ ಬೂಸ್ಟು ಬೇಗ ಹಿಡಿಯುತ್ತದೆ.